ಮಗುವಿನ ಬೆರಳು, ಹೆತ್ತವರ ಮಾತು

ಜನವರಿ ತಿಂಗಳ ಒಂದು ಸಂಜೆ. ಸಕಲೇಶಪುರ–ಆಲೂರು ಸೀಮೆಯ ತೋಟಗಳಲ್ಲಿ ಅರೇಬಿಕಾ ಕೊಯ್ಲು ಮುಗಿಯುತ್ತ ಬಂದು ರೊಬಸ್ಟಾ ಹಣ್ಣಿನ ಕೊಯ್ಲು ಆರಂಭವಾಗಿತ್ತು. ಮನೆ ಭೇಟಿಯ ನಿಮಿತ್ತ ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಒಬ್ಬ ಚಿಕ್ಕ ಬೆಳೆಗಾರರ ಮನೆಗೆ ಹೋಗಿದ್ದೆ. ಅಂಗಳದಾಚೆಯ ಕಣದಲ್ಲಿ ದಿನವೆಲ್ಲ ಹರವಿದ್ದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಿದ್ದರು. ಮನೆಯಲ್ಲಿ ಗಂಡ, ಹೆಂಡತಿ, ಗಂಡನ ತಾಯಿ ಹಾಗೂ ಎರಡೂವರೆ ವರ್ಷದ ಒಂದು ಹೆಣ್ಣುಮಗು. ಆ ಮಗುವಿಗೆ ದೀಕ್ಷಾಸ್ನಾನ ನೀಡಿದವನು ನಾನೇ.

ಕೊಂಕಣಿ ಮಾತನಾಡುವ ಆ ಮನೆಯಲ್ಲಿ ‘ತೇರ್ಸ್’ ಎಂದು ಕರೆಯುವ ಸಂಜೆಯ ಜಪಸರ ಇನ್ನೂ ನಿಂತಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಬೇಡುವ ಹಳೆಯ ರೂಢಿಯೂ ಉಳಿದಿದೆ. ಮಗು ಅಜ್ಜಿಯ ಮುಂದೆ, ಅಪ್ಪ ಅಮ್ಮಂದಿರ ಮುಂದೆ, ಕೊನೆಗೆ ನನ್ನ ಮುಂದೆ ಪುಟ್ಟ ಕೈಗಳನ್ನು ಜೋಡಿಸಿ ನಿಂತು ಆಶೀರ್ವಾದ ಪಡೆಯಿತು. ಅದೇ ಹೊತ್ತಿಗೆ, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದು ಲೈನ್ ಮನೆಯಲ್ಲಿ ನೆಲೆಸಿರುವ ಒಬ್ಬ ಮಹಿಳೆ ಗೋದಾಮಿನ ಬೀಗದ ಕೈಯನ್ನು ಹಿಂದಿರುಗಿಸಲು ಬಾಗಿಲಿಗೆ ಬಂದರು. ಅವರ ಸೆರಗು ಹಿಡಿದು ಮೂರು ನಾಲ್ಕು ವರ್ಷದ ಮಗ ನಿಂತಿದ್ದ. ಆಗ ತಾನೇ ಬೆಸಾಂವ್ ಪಡೆದಿದ್ದ ನಮ್ಮ ಮಗು ಬಾಗಿಲ ಬಳಿಗೆ ಓಡಿ, ಆ ಹುಡುಗನತ್ತ ಬೆರಳು ತೋರಿಸಿ, ಹಾಡಿನಂತೆ ರಾಗವಾಗಿ ‘ಚೋರ್’ ಎಂದಿತು.

ಚೋರ್ ಎಂದರೆ ಕೊಂಕಣಿಯಲ್ಲಿ ಕಳ್ಳ. ಹಿಂದಿಯಲ್ಲಿಯೂ ಅದೇ ಅರ್ಥ. ಆ ತಾಯಿಗೆ ಅದನ್ನು ಯಾರೂ ಅನುವಾದಿಸಿ ಹೇಳಬೇಕಾಗಿರಲಿಲ್ಲ. ಅವರು ಬೀಗದ ಕೈಯನ್ನು ಜಗಲಿಯ ಮೇಜಿನ ಮೇಲಿಟ್ಟು, ಮಗನನ್ನು ಎತ್ತಿಕೊಂಡು ಕತ್ತಲೆಯಲ್ಲಿ ಇಳಿದುಹೋದರು.

ಅಜ್ಜಿ ಮೊದಲು ನಕ್ಕರು. ಯಾರೂ ನಗದಿದ್ದುದನ್ನು ಕಂಡು ಸುಮ್ಮನಾದರು. ತಾಯಿ ಮಗುವನ್ನು ಒಳಗೆ ಎಳೆದುಕೊಂಡು, “ಹಾಗೆಲ್ಲ ಅನ್ನಬಾರದು” ಎಂದು ಗದರಿದರು. ಮಗುವಿಗೆ ಅಳು ಬಂತು. ತಾನು ಮಾಡಿದ ತಪ್ಪೇನೆಂದು ಅದಕ್ಕೆ ಹೇಗೆ ತಿಳಿಯಬೇಕು? ತಂದೆ ಮಾತ್ರ ಬಹಳ ಹೊತ್ತು ನೆಲ ನೋಡುತ್ತ ಕುಳಿತಿದ್ದು, ಕೊನೆಗೆ ಹೇಳಿದರು: “ಫಾದರ್, ಆ ಮಾತು ನನ್ನದು. ಬೆರಳು ಮಾತ್ರ ಮಗುವಿನದು.”

ಆ ರಾತ್ರಿ ಅವರೊಡನೆ ಮಾತನಾಡಿದ್ದನ್ನೇ ಈ ವಾರದ ಅಂಕಣದಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಇದು ಪಾಪನಿವೇದನೆಯ ಪೀಠದಲ್ಲಿ ಕೇಳಿದ ಮಾತಲ್ಲ. ಊಟದ ಮೇಜಿನ ಮುಂದೆ ನಡೆದ ಸಂಭಾಷಣೆ. ಬರೆಯಲು ದಂಪತಿಗಳ ಒಪ್ಪಿಗೆಯನ್ನೂ ಪಡೆದಿದ್ದೇನೆ. ಮಕ್ಕಳಿಲ್ಲದ ಗುರುವೊಬ್ಬ ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ಉಪದೇಶಿಸುವುದು ಸುಲಭ. ಆದುದರಿಂದ ಉಪದೇಶಕ್ಕಿಂತ, ಆ ತಂದೆ ತಮಗೆ ತಾವೇ ಕೇಳಿಕೊಂಡ ಪ್ರಶ್ನೆಗಳನ್ನು ಓದುಗರ ಮುಂದಿಡುವುದೇ ನನ್ನ ಉದ್ದೇಶ.

ಒಂದು ಪದ ಮನೆಗೆ ಬಂದ ಬಗೆ

2024–25ರ ಹಂಗಾಮಿನಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದುದು ನಮ್ಮ ಸೀಮೆಯ ಎಲ್ಲರಿಗೂ ತಿಳಿದ ಸಂಗತಿ. ಬೆಲೆಯ ಬೆನ್ನಿಗೇ ಕಳವಿನ ಭಯವೂ ಬಂತು. ಗಿಡದಲ್ಲಿದ್ದ ಹಣ್ಣು, ಕಣದಲ್ಲಿದ್ದ ಬೀಜ, ಗೋದಾಮಿನಲ್ಲಿದ್ದ ಮೂಟೆ, ಯಾವುದೂ ಸುರಕ್ಷಿತವಲ್ಲವೆಂಬ ಆತಂಕ ಬೆಳೆಗಾರರನ್ನು ಆವರಿಸಿತು. ವರ್ಷವಿಡೀ ದುಡಿದು ಬೆಳೆದದ್ದು ಒಂದು ರಾತ್ರಿಯಲ್ಲಿ ಹೋಗುವ ನೋವು ಸಣ್ಣದಲ್ಲ. ಅದನ್ನು ಹಗುರವಾಗಿ ಕಾಣುವ ಹಕ್ಕು ತೋಟವಿಲ್ಲದ ನನಗಿಲ್ಲ.

ಆದರೆ ಆತಂಕಕ್ಕೆ ಒಂದು ಮುಖ ಬೇಕಾಗುತ್ತದೆ. ದೂರದಿಂದ ಬಂದವನ, ನಮ್ಮ ಭಾಷೆ ಬಾರದವನ, ಹೆಸರು ತಿಳಿಯದವನ ಮುಖ ಅದಕ್ಕೆ ಬೇಗ ಸಿಕ್ಕಿಬಿಡುತ್ತದೆ. “ಬೆಳಿಗ್ಗೆ ಕಾಫಿ ಕುಡಿಯುತ್ತ ಸ್ನೇಹಿತರೊಡನೆ ಫೋನಿನಲ್ಲಿ ಮಾತನಾಡುತ್ತೇನೆ. ಎಲ್ಲಿ ಕಳವಾಯಿತು, ಯಾರ ಮೇಲೆ ಸಂಶಯ ಎಂಬುದೇ ಮಾತು. ‘ಈ ಅಸ್ಸಾಮಿನವರೆಲ್ಲ ಚೋರರು’ ಎಂದು ಎಷ್ಟು ಸಲ ಅಂದಿದ್ದೇನೋ ನನಗೇ ಲೆಕ್ಕವಿಲ್ಲ. ಮಗು ಅಲ್ಲೇ ನೆಲದ ಮೇಲೆ ಆಟವಾಡುತ್ತಿರುತ್ತದೆ. ನಾನು ಮಾತನಾಡುವಾಗ ಕಿಟಕಿಯಿಂದ ಲೈನಿನ ಕಡೆ ನೋಡುತ್ತಿದ್ದೆನೇನೋ” ಎಂದರು ತಂದೆ. ಹೆಂಡತಿ ಮೆಲ್ಲಗೆ ಸೇರಿಸಿದರು: “ನೋಡುತ್ತಿದ್ದಿರಿ ರೀ. ಅದೇ ಕಿಟಕಿಯಿಂದ.”

ಅವರ ಕಣದಲ್ಲಿ ಈವರೆಗೆ ಒಂದು ಮೂಟೆಯೂ ಕಳವಾಗಿಲ್ಲ. ಗೋದಾಮಿನ ಬೀಗದ ಕೈ ದಿನವೂ ಆ ಅಸ್ಸಾಮಿನ ತಾಯಿಯ ಕೈಯಲ್ಲೇ ಇರುತ್ತದೆ. ವ್ಯವಹಾರದಲ್ಲಿ ನಂಬಿದ ವ್ಯಕ್ತಿಯನ್ನು ಮಾತಿನಲ್ಲಿ ಕಳ್ಳರ ಗುಂಪಿಗೆ ಸೇರಿಸಿದ್ದು ತಂದೆಗೆ ಹೊಳೆದಿರಲಿಲ್ಲ. ಅದನ್ನು ತೋರಿಸಿಕೊಡಲು ಮಗುವಿನ ಬೆರಳೇ ಬೇಕಾಯಿತು.

ಸಂತ ಅಗಸ್ಟೀನರು ಕ್ರಿ.ಶ. 400ರ ಸುಮಾರಿಗೆ ಬರೆದ ತಮ್ಮ ‘ಕನ್ಫೆಷನ್ಸ್’ ಗ್ರಂಥದ ಮೊದಲನೆಯ ಭಾಗದಲ್ಲಿ, ಶೈಶವದಲ್ಲಿ ತಾವು ಮಾತು ಕಲಿತ ಬಗೆಯನ್ನು ವಿವರಿಸಲು ಯತ್ನಿಸುತ್ತಾರೆ. ಹಿರಿಯರು ಒಂದು ವಸ್ತುವಿನ ಹೆಸರು ಹೇಳಿ ಅದರತ್ತ ತಿರುಗುತ್ತಿದ್ದರು. ಅವರ ಮುಖಭಾವ, ಕಣ್ಣಿನ ಓಟ, ದನಿಯ ಏರಿಳಿತಗಳಿಂದ ಆ ವಸ್ತು ಅವರಿಗೆ ಬೇಕಾದದ್ದೋ ಬೇಡವಾದದ್ದೋ ಎಂಬುದನ್ನು ಮಗು ಗ್ರಹಿಸುತ್ತಿತ್ತು ಎಂಬುದು ಅವರ ವಿವರಣೆಯ ಸಾರ. ಇಪ್ಪತ್ತನೆಯ ಶತಮಾನದ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಅವರ ಮಹತ್ವದ ಕೃತಿಯೊಂದು 1953ರಲ್ಲಿ ಅವರ ಮರಣಾನಂತರ ಪ್ರಕಟವಾಯಿತು. ಅದು ಆರಂಭವಾಗುವುದೂ ಅಗಸ್ಟೀನರ ಈ ಭಾಗದಿಂದಲೇ. ಭಾಷೆಯೆಂದರೆ ವಸ್ತುಗಳಿಗೆ ಹೆಸರಿಡುವುದಷ್ಟೇ ಅಲ್ಲ ಎಂದು ಅವರು ಅಲ್ಲಿ ವಾದಿಸುತ್ತಾರೆ. ಗುರುಮಠದಲ್ಲಿ ಓದುತ್ತಿದ್ದಾಗ ಈ ಚರ್ಚೆ ನನಗೆ ಒಣ ತರ್ಕವಾಗಿ ಕಂಡಿತ್ತು. ಆ ಸಂಜೆ ಅದರ ಅರ್ಥ ಬೇರೆಯಾಗಿ ತೋರಿತು. ಮಗು ನಮ್ಮಿಂದ ಹೆಸರನ್ನಷ್ಟೇ ಕಲಿಯುವುದಿಲ್ಲ. ಹೆಸರಿನ ಜೊತೆಗೆ ಪ್ರೀತಿಯನ್ನೋ ಭಯವನ್ನೋ ತಿರಸ್ಕಾರವನ್ನೋ ಕಲಿಯುತ್ತದೆ. ನಾವು ಯಾವ ದನಿಯಲ್ಲಿ ಯಾರತ್ತ ನೋಡಿ ಮಾತನಾಡುತ್ತೇವೆಯೋ, ಮಗುವಿನ ಜಗತ್ತು ಹಾಗೆ ವಿಂಗಡವಾಗುತ್ತದೆ.

ಆನೆಯೆಂಬ ಎರಡು ಪ್ರಾಣಿಗಳು

ನಮ್ಮ ಸೀಮೆಯ ಪ್ರತಿಯೊಂದು ಮಗುವೂ ಕಲಿಯುವ ಒಂದು ಪದವನ್ನು ನೋಡಿ: ‘ಆನೆ’. ಚಿತ್ರಪುಸ್ತಕದ ಆನೆ ಸೊಂಡಿಲೆತ್ತಿ ನಗುತ್ತದೆ. ಮೊಬೈಲಿನ ಹಾಡಿನಲ್ಲಿ ಆನೆ ಕುಣಿಯುತ್ತದೆ. ಆದರೆ ಊರ ಹತ್ತಿರ ಕಾಡಾನೆಗಳ ಹಿಂಡು ಬಂದಿದೆಯೆಂಬ ಸಂದೇಶ ಅದೇ ಮೊಬೈಲಿಗೆ ಬಂದ ಕೂಡಲೇ ಅಜ್ಜಿ ಬಾಗಿಲಿಗೆ ಅಗುಳಿ ಹಾಕುತ್ತಾರೆ, ತಾಯಿ ಅಂಗಳದಲ್ಲಿದ್ದ ಮಗುವನ್ನು ಎತ್ತಿಕೊಂಡು ಒಳಗೆ ಓಡುತ್ತಾರೆ, ತಂದೆ ಲೈನ್ ಮನೆಗಳಿಗೆ ಫೋನ್ ಮಾಡಿ ಎಚ್ಚರಿಸುತ್ತಾರೆ. ಪದ ಒಂದೇ, ಅದರ ಹಿಂದೆ ನಿಂತ ಪ್ರಾಣಿಗಳು ಎರಡು.

2023ರ ಡಿಸೆಂಬರ್ 4ರಂದು ನಮ್ಮ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯ ವೇಳೆ ಅರ್ಜುನ ಮಡಿದದ್ದನ್ನು ನಾವು ಮರೆತಿಲ್ಲ. 2012ರಿಂದ 2019ರವರೆಗೆ ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಆನೆ ಅದು. ಕಾಡಾನೆಗಳಿಂದ ಬೆಳೆಯನ್ನೂ ಬಂಧುಗಳನ್ನೂ ಕಳೆದುಕೊಂಡ ಇದೇ ನಾಡಿನ ಜನ ಅಂದು ಒಂದು ಆನೆಗಾಗಿ ಕಣ್ಣೀರಿಟ್ಟರು. ಹೊರಗಿನವರಿಗೆ ಇದು ವಿರೋಧಾಭಾಸವೆಂದು ತೋರಬಹುದು. ನಮಗೆ ಹಾಗೆ ತೋರಲಿಲ್ಲ. ಹೆಸರಿಟ್ಟು ಕರೆದ ಪ್ರಾಣಿಯನ್ನು ‘ಆನೆಗಳು’ ಎಂಬ ಒಂದೇ ಪದದಲ್ಲಿ ಮುಳುಗಿಸಲು ಮನಸ್ಸು ಒಪ್ಪುವುದಿಲ್ಲ.

ಈ ಮಗು ಆಗ ತೊಟ್ಟಿಲಲ್ಲಿತ್ತು. ಈಗ ತಾಯಿ ಮೊಬೈಲಿನಲ್ಲಿ ದಸರೆಯ ಮೆರವಣಿಗೆ ತೋರಿಸುತ್ತಾರೆ. ಮಗುವಿಗೆ ಆನೆಗಳೆಲ್ಲವೂ ‘ಅಜ್ಜುನ’. ತಂದೆ ಈ ಮಾತನ್ನು ನಗುತ್ತ ಹೇಳಿದವರು ಥಟ್ಟನೆ ಗಂಭೀರರಾದರು: “ಅದು ಆನೆಗಳಿಗೆಲ್ಲ ಒಂದು ಹೆಸರಿಟ್ಟು ಕರೆಯುತ್ತದೆ ಫಾದರ್. ಲೈನಿನ ಆ ಹುಡುಗನಿಗೆ ಮಾತ್ರ ನಾವು ಹೆಸರು ಕಲಿಸಲಿಲ್ಲ. ಒಂದು ವರ್ಷದಿಂದ ನಮ್ಮ ತೋಟದಲ್ಲೇ ಇದ್ದಾನೆ. ಅವನ ಹೆಸರೇನೆಂದು ನನಗೂ ಗೊತ್ತಿಲ್ಲ.”

ಭಯವನ್ನು ಕಲಿಸಬಾರದೆಂದು ನಾನು ಹೇಳುತ್ತಿಲ್ಲ. ಕಾಡಾನೆ ಅಂಗಳದಲ್ಲಿರುವಾಗ ಬಾಗಿಲು ಮುಚ್ಚಲು ಕಲಿಸದ ತಂದೆತಾಯಿ ಕರ್ತವ್ಯಭ್ರಷ್ಟರು. ಕಳವು ಪಾಪವೆಂದು ಕಲಿಸಬೇಕು, ಕಾವಲನ್ನೂ ಕಾಯಬೇಕು. ಆದರೆ ಒಂದು ನಿಜವಾದ ಅಪಾಯದಿಂದ ರಕ್ಷಿಸುವುದು ಬೇರೆ, ಒಂದು ಜನಸಮೂಹವನ್ನೇ ಅಪಾಯವೆಂದು ಪರಿಚಯಿಸುವುದು ಬೇರೆ. ಮೊದಲನೆಯದು ವಿವೇಕ. ಎರಡನೆಯದು ಸುಳ್ಳುಸಾಕ್ಷಿ, ದಶಾಜ್ಞೆಗಳು ನಿಷೇಧಿಸಿರುವ ಪಾಪ.

ಅಂಗೈಯಗಲದ ಜಗತ್ತು

ಇಂದಿನ ಮಗುವಿಗೆ ಪದಗಳನ್ನು ಕಲಿಸುವವರು ಮನೆಯವರಷ್ಟೇ ಅಲ್ಲ. ಹೇಮಾವತಿಯ ಮೀನನ್ನು ಕಣ್ಣಾರೆ ಕಾಣುವ ಮೊದಲೇ ಈ ಮಗುವಿಗೆ ಶಾರ್ಕ್ ಮೀನಿನ ಸಂಸಾರ ಪೂರ್ತಿ ಪರಿಚಿತವಾಗಿದೆ. ದಕ್ಷಿಣ ಕೊರಿಯಾದ ಸಂಸ್ಥೆಯೊಂದು ಮಕ್ಕಳಿಗಾಗಿ ತಯಾರಿಸಿದ ‘ಬೇಬಿ ಶಾರ್ಕ್’ ಹಾಡು 2020ರ ನವೆಂಬರಿನಲ್ಲಿ ಯೂಟ್ಯೂಬಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬಾರಿ ವೀಕ್ಷಿಸಲ್ಪಟ್ಟ ವಿಡಿಯೋ ಎನಿಸಿಕೊಂಡಿತು. ಊಟ ಮಾಡಿಸುವಾಗ ತಾಯಿ ಅದನ್ನು ಹಚ್ಚಿಡುತ್ತಾರೆ. ಮಗು ತೆರೆಯನ್ನು ನೋಡುತ್ತ ಬಾಯಿ ತೆರೆಯುತ್ತದೆ. ಏನು ತಿಂದೆನೆಂಬುದು ಅದಕ್ಕೆ ತಿಳಿಯದು.

ತಾಯಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಹಿಂದೆ ಕೂಡುಕುಟುಂಬದಲ್ಲಿ ಮಗುವಿಗೆ ಹತ್ತು ಸೊಂಟಗಳಿದ್ದವು. ಇಂದು ಕೊಯ್ಲಿನ ದಿನ ಅಡುಗೆ, ಆಳುಗಳ ಲೆಕ್ಕ, ಅತ್ತೆಯ ಔಷಧ ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುವ ತಾಯಿಗೆ ಆ ತೆರೆಯೇ ಅರ್ಧ ಗಂಟೆಯ ಬಿಡುವು ಕೊಡುತ್ತದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯನ್ನು ತಂದೆತಾಯಿಗಳು ಅರಿತಿರುವುದು ಒಳ್ಳೆಯದು. ಒಂದು ವರ್ಷ ತುಂಬದ ಮಗುವಿಗೆ ತೆರೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದ ಮಗು ಕುಳಿತು ತೆರೆ ನೋಡುವ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕೂ ಕಡಿಮೆಯಾದರೆ ಇನ್ನೂ ಒಳಿತು.

ಸಮಯಕ್ಕಿಂತ ದೊಡ್ಡ ಪ್ರಶ್ನೆಯೆಂದರೆ, ತೆರೆಯ ಮೇಲೆ ಕಂಡದ್ದನ್ನು ಮಗು ಅನುಕರಿಸಿದಾಗ ನಾವು ಏನು ಮಾಡುತ್ತೇವೆ ಎಂಬುದು. ಮನುಷ್ಯನು ತನ್ನ ಮೊದಲ ಪಾಠಗಳನ್ನು ಕಲಿಯುವುದು ಅನುಕರಣೆಯಿಂದ ಎಂದು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳಿದ್ದಾನೆ. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ ಚಿತ್ರದಲ್ಲಿನ ದೈವದ ಕೂಗನ್ನು ಈ ಮಗುವೂ ಕಲಿತಿದೆ. ಅತಿಥಿಗಳು ಬಂದಾಗ ಅದನ್ನು ಕೂಗಿಸಿ, ವಿಡಿಯೋ ಮಾಡಿ ಬಂಧುಗಳಿಗೆ ಕಳುಹಿಸುವುದು ಮನೆಯವರಿಗೆ ಒಂದು ವಿನೋದವಾಗಿತ್ತು. ಅದನ್ನು ನನಗೂ ತೋರಿಸಿದರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳುತ್ತೇನೆ.

ಮನೆಗೆ ಮರಳುವ ದಾರಿಯಲ್ಲಿ ಬೇರೊಂದು ಯೋಚನೆ ಬಂತು. ಘಟ್ಟದ ಕೆಳಗಿನ ನಮ್ಮ ನೆರೆಯವರಿಗೆ ದೈವಾರಾಧನೆ ಮನರಂಜನೆಯಲ್ಲ, ಆರಾಧನೆ. 2025ರ ಅಕ್ಟೋಬರಿನಲ್ಲಿ ಆ ಚಿತ್ರಮಾಲೆಯ ಮುಂದಿನ ಚಿತ್ರ ತೆರೆಕಂಡಾಗ, ದೈವದ ವೇಷವನ್ನೂ ವರ್ತನೆಯನ್ನೂ ಬೀದಿಯಲ್ಲಿ, ಚಿತ್ರಮಂದಿರದಲ್ಲಿ ಅನುಕರಿಸಬೇಡಿರೆಂದು ಚಿತ್ರ ತಯಾರಿಸಿದವರೇ ವಿನಂತಿಸಿದರು. ನಮ್ಮ ಪರಮಪ್ರಸಾದವನ್ನು ಯಾರಾದರೂ ವಿನೋದಕ್ಕಾಗಿ ಅಣಕಿಸಿದರೆ ನಮಗೆ ಹೇಗೆನಿಸೀತು? ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಘೋಷಿಸಿತು. ಅರುವತ್ತು ವರ್ಷಗಳ ಆ ಬೋಧನೆಯನ್ನು ಎರಡೂವರೆ ವರ್ಷದ ಮಗುವಿಗೆ ಕಲಿಸುವ ಬಗೆ ಬಹಳ ಸರಳ: ಅದು ಕೂಗಿದಾಗ ಕ್ಯಾಮೆರಾ ತೆಗೆಯದಿರುವುದು.

ಸಿನಿಮಾವೆಲ್ಲ ಕೆಡುಕೆಂಬ ಹಳೆಯ ಗುರುಗಳ ಸಾಲಿಗೆ ನನ್ನನ್ನು ಸೇರಿಸಬೇಡಿ. 1985ರ ‘ಬೆಟ್ಟದ ಹೂವು’ ಚಿತ್ರವನ್ನು ಆ ದಂಪತಿಗಳಿಗೆ ನಾನೇ ನೆನಪಿಸಿದೆ. ಅದರಲ್ಲಿ ಬಾಲಕ ಪುನೀತ್ ರಾಜ್‌ಕುಮಾರ್ ಅಭಿನಯಿಸಿದ ರಾಮು ಎಂಬ ಬಡ ಹುಡುಗ ಬೆಟ್ಟದ ಹೂಗಳನ್ನು ಮಾರಿ, ತಾನು ಆಸೆಪಟ್ಟ ಪುಸ್ತಕಕ್ಕಾಗಿ ಹಣ ಕೂಡಿಸುತ್ತಾನೆ. ಕೊನೆಗೆ ಆ ಹಣದಲ್ಲಿ ಚಳಿಯಲ್ಲಿ ನಡುಗುವ ಮನೆಯವರಿಗಾಗಿ ಕಂಬಳಿ ಕೊಳ್ಳುತ್ತಾನೆ. ಆ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2021ರ ಅಕ್ಟೋಬರ್ 29ರಂದು ಪುನೀತ್ ಅಕಾಲಿಕವಾಗಿ ನಿಧನರಾದಾಗ ಅವರ ನೇತ್ರದಾನದಿಂದ ನಾಲ್ವರಿಗೆ ದೃಷ್ಟಿ ಬಂತು. ಇಂಥ ಕಥೆಯನ್ನು ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಜೊತೆಯಲ್ಲೇ ನೋಡುತ್ತ, ‘ನೋಡು, ಅವನು ಕಂಬಳಿ ಯಾರಿಗೆ ತಂದ?’ ಎಂದು ಕೇಳುವ ದಿನ ಬಂದೇ ಬರುತ್ತದೆ. ಮಗುವಿಗೆ ತೆರೆಯಿಂದಾಗುವ ದೊಡ್ಡ ನಷ್ಟ, ಪಕ್ಕದಲ್ಲಿ ಕುಳಿತು ಬೆರಳು ತೋರಿಸುವವರು ಇಲ್ಲದಿರುವುದು.

ದಾರಿಯ ಜಗಳ ಮನೆಗೆ ಬಂದಾಗ

ರಾತ್ರಿ ಎಂಟು ಗಂಟೆಗೆ ಟಿ.ವಿ.ಯಲ್ಲಿ ರಾಜಕೀಯ ಚರ್ಚೆ. ಆರು ಜನ ಏಕಕಾಲಕ್ಕೆ ಕೂಗುತ್ತಾರೆ. ತಂದೆ ತಮಗೆ ಬೇಡವಾದ ಪಕ್ಷದವರು ತೆರೆಗೆ ಬಂದಾಗ ಬೈಯುತ್ತಾರೆ. ಮಗುವೂ ಟಿ.ವಿ.ಯತ್ತ ಕೈ ಬೀಸಿ ಏನನ್ನೋ ಬೈಯುತ್ತದೆ. ಅದಕ್ಕೆ ಪಕ್ಷ ತಿಳಿಯದು. ಕೋಪ ಮಾತ್ರ ಚೆನ್ನಾಗಿ ತಿಳಿದಿದೆ.

ಸಂತ ಮಾರ್ಕರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಸಂಗವಿದೆ. ಶಿಷ್ಯರು ದಾರಿಯುದ್ದಕ್ಕೂ ತಮ್ಮಲ್ಲಿ ಯಾರು ದೊಡ್ಡವರೆಂದು ವಾದಿಸುತ್ತ ಬರುತ್ತಾರೆ. ಅದು ಅಧಿಕಾರದ ಪ್ರಶ್ನೆ, ಅಪ್ಪಟ ರಾಜಕೀಯ. ಕಫೆರ್ನವುಮಿನಲ್ಲಿ ಮನೆಯೊಳಗೆ ಬಂದ ಮೇಲೆ, ದಾರಿಯಲ್ಲಿ ನೀವು ಏನು ಚರ್ಚಿಸುತ್ತಿದ್ದಿರಿ ಎಂದು ಪ್ರಭು ಕೇಳುತ್ತಾರೆ. ಎಲ್ಲರೂ ಮೌನ. ಆಗ ಯೇಸು ದೀರ್ಘ ಉಪನ್ಯಾಸ ನೀಡುವುದಿಲ್ಲ. ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿ, ಅದನ್ನು ತಬ್ಬಿಕೊಂಡು, ಇಂಥ ಒಂದು ಮಗುವನ್ನು ಸ್ವೀಕರಿಸುವವನು ತಮ್ಮನ್ನೇ ಸ್ವೀಕರಿಸುತ್ತಾನೆಂದು ಬೋಧಿಸುತ್ತಾರೆ.

ರಾಜಕೀಯವನ್ನು ಮನೆಯಿಂದ ಹೊರಗಟ್ಟಿರೆಂದು ಇದರ ಅರ್ಥವಲ್ಲ. ಜಗದ್ಗುರು ಫ್ರಾನ್ಸಿಸ್‌ರವರು 2020ರ ‘ಫ್ರಾತೆಲ್ಲಿ ತುತ್ತಿ’ ವಿಶ್ವಪತ್ರದ ಐದನೆಯ ಅಧ್ಯಾಯವನ್ನು ಉತ್ತಮ ರಾಜಕೀಯಕ್ಕೇ ಮೀಸಲಿಟ್ಟರು. ರಾಜಕೀಯವು ಪರಸ್ನೇಹದ ಒಂದು ಉನ್ನತ ರೂಪವಾಗಬಲ್ಲದೆಂದು ಬೋಧಿಸಿದರು. ಮಗು ತನ್ನ ಜೀವನದಲ್ಲಿ ಮೊದಲು ಕಾಣುವ ಸರ್ಕಾರ ಯಾವುದು? ಲಸಿಕೆಯ ದಿನವನ್ನು ನೆನಪಿಸುವ ಆಶಾ ಕಾರ್ಯಕರ್ತೆ, ತೂಕ ನೋಡುವ ಅಂಗನವಾಡಿ ಟೀಚರ್. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂದಿನಿಂದ ಎಷ್ಟು ಸರ್ಕಾರಗಳು ಬಂದವು, ಹೋದವು, ಅಂಗನವಾಡಿ ಉಳಿಯಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಈ ಮನೆಯ ಅಜ್ಜಿ ಟಿಕೆಟಿಗೆ ಹಣ ಕೊಡದೆ ಹಾಸನದ ಆಸ್ಪತ್ರೆಗೆ ಹೋಗಿಬರುತ್ತಾರೆ. ಯೋಜನೆ ಸರಿಯೋ ತಪ್ಪೋ ಎಂದು ದೊಡ್ಡವರು ಚರ್ಚಿಸಲಿ, ಮತ ಹಾಕುವಾಗ ತೀರ್ಮಾನಿಸಲಿ. ಆದರೆ ಮಗುವಿಗೆ ರಾಜಕೀಯವನ್ನು ಮೊದಲು ತೋರಿಸಬೇಕಾದ ದಿಕ್ಕು ಅದು: ಟಿ.ವಿ.ಯ ಕೂಗಾಟವಲ್ಲ, ಅಂಗನವಾಡಿಯ ತಕ್ಕಡಿ.

ನಮ್ಮ ಜಿಲ್ಲೆಯ ಒಂದು ಕಹಿ ನೆನಪನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. 2024ರ ಏಪ್ರಿಲ್ 26ರಂದು ಹಾಸನ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆಯಿತು. ಅದಕ್ಕೆ ಮುಂಚಿನ ದಿನಗಳಲ್ಲಿ, ಅನೇಕ ಮಹಿಳೆಯರ ಮೇಲಿನ ದೌರ್ಜನ್ಯದ ದೃಶ್ಯಗಳು ಪೆನ್‌ಡ್ರೈವಿನಲ್ಲಿ, ಮೊಬೈಲಿನಲ್ಲಿ ಮನೆಯಿಂದ ಮನೆಗೆ ಹರಿದವು. ಅಪರಾಧದ ವಿಚಾರಣೆ ನ್ಯಾಯಾಲಯದ್ದು. ನಮ್ಮ ಆತ್ಮಶೋಧನೆಗೆ ಸೇರಿದ್ದು ಬೇರೊಂದು ಸಂಗತಿ. ಮುಖ ಮರೆಮಾಡದೆ ಹಂಚಲಾದ ಆ ಮಹಿಳೆಯರು ಯಾರದೋ ತಾಯಂದಿರು, ಯಾರದೋ ಹೆಣ್ಣುಮಕ್ಕಳು. ನಮ್ಮ ನೆರೆಹೊರೆಯವರೇ ಆಗಿರಬಹುದಾದವರು. ಆ ದೃಶ್ಯಗಳನ್ನು ಇತರರಿಗೆ ಕಳುಹಿಸುವುದು ಅಪರಾಧವೆಂದು ವಿಶೇಷ ತನಿಖಾ ತಂಡವೇ ಎಚ್ಚರಿಸಬೇಕಾಯಿತು.

“ಒಂದು ಗುಂಪಿನಲ್ಲಿ ನನಗೂ ಬಂದಿತ್ತು” ಎಂದರು ತಂದೆ. “ತೆರೆದೆ. ಒಂದು ನಿಮಿಷ ನೋಡಿ ಅಳಿಸಿಹಾಕಿದೆ. ಯಾರಿಗೂ ಕಳುಹಿಸಲಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಗ ಮಗು ಅಂಬೆಗಾಲಿಡುತ್ತಿತ್ತು. ಅಂದು ಸಂಜೆ ಊಟಕ್ಕೆ ಹಟ ಮಾಡಿದಾಗ ಅದೇ ಫೋನನ್ನು ಅದರ ಕೈಗೆ ಕೊಟ್ಟೆ, ಫಾದರ್. ಅದೇ ಫೋನು.” ಹೆಂಡತಿ ಈ ಮಾತನ್ನು ಮೊದಲ ಬಾರಿಗೆ ಕೇಳುತ್ತಿದ್ದರೆಂದು ಅವರ ಮುಖ ನೋಡಿ ನನಗೆ ಅರ್ಥವಾಯಿತು. ಅವರು ಏನೂ ಹೇಳಲಿಲ್ಲ. ಎದ್ದು ಹೋಗಿ ನಿದ್ದೆಹೋದ ಮಗುವಿನ ಕಂಬಳಿ ಸರಿಪಡಿಸಿ ಬಂದು ಕುಳಿತರು. ನಾನೂ ಏನೂ ಹೇಳಲಿಲ್ಲ. ಅದನ್ನು ಹೇಳಿಕೊಂಡದ್ದೇ ಆ ತಂದೆಗೆ ದೊಡ್ಡ ಹೆಜ್ಜೆಯಾಗಿತ್ತು.

ಮುಳುಗದೆ ಉಳಿಯುವುದು

ಹೆತ್ತವರ ಆರೈಕೆ ಮಗುವಿಗೆ ಎರಡನೆಯದೊಂದು ಗರ್ಭದಂತೆ, ಆಧ್ಯಾತ್ಮಿಕ ಗರ್ಭದಂತೆ ಎಂದು ಸಂತ ಥಾಮಸ್ ಅಕ್ವಿನಾಸ್‌ರು ಬರೆದಿದ್ದಾರೆ. ವಿವೇಚನೆ ಬರುವವರೆಗೆ ಮಗು ಅದರೊಳಗಿರುತ್ತದೆ. ಒಂಬತ್ತು ತಿಂಗಳು ಗರ್ಭಿಣಿ ತಾಯಿ ತಾನು ಉಣ್ಣುವುದೆಲ್ಲ ಮಗುವಿಗೆ ಸೇರುತ್ತದೆಂದು ಎಚ್ಚರ ವಹಿಸುತ್ತಾಳೆ. ಈ ಎರಡನೆಯ ಗರ್ಭದಲ್ಲಿ ತಂದೆಗೂ ಪಾಲಿದೆ. ನಾವು ಆಡುವ, ನೋಡುವ, ನಗುವ, ಬೈಯುವ ಎಲ್ಲವೂ ಇಲ್ಲಿ ಮಗುವಿಗೆ ಸೇರುತ್ತದೆ. ಕುಟುಂಬವನ್ನು ಗೃಹಧರ್ಮಸಭೆಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಕರೆದದ್ದು ಅಲಂಕಾರಕ್ಕಾಗಿ ಅಲ್ಲ.

ನಮ್ಮ ಜಿಲ್ಲೆಯ ಶೆಟ್ಟಿಹಳ್ಳಿಯ ಚರ್ಚನ್ನು ನೀವು ನೋಡಿದ್ದೀರಿ. ನೋಡದಿದ್ದರೂ ಮೊಬೈಲಿನಲ್ಲಿ ಕಂಡಿರುತ್ತೀರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ದೇವಾಲಯ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸೇರಿತು. ಮಳೆಗಾಲದಲ್ಲಿ ಗೋಡೆಗಳು ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ಮತ್ತೆ ಕಾಣಿಸುತ್ತವೆ. ಪ್ರವಾಸಿಗರು ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಆದರೆ ಅಲ್ಲಿಂದ ಎದ್ದು ಹೋದ ಕುಟುಂಬಗಳು ಕಲ್ಲನ್ನು ಹೊತ್ತುಕೊಂಡು ಹೋಗಲಿಲ್ಲ. ಹೊತ್ತುಹೋದದ್ದು ಸಂಜೆಯ ಪ್ರಾರ್ಥನೆ, ಮಕ್ಕಳಿಗೆ ಕಲಿಸಿದ ಶಿಲುಬೆಯ ಗುರುತು. ಕಟ್ಟಡ ಮುಳುಗಿದರೂ ವಿಶ್ವಾಸ ಉಳಿಯಿತು. ನಮ್ಮ ಕಾಲದಲ್ಲಿ ಇದಕ್ಕೆ ವಿರುದ್ಧವಾದದ್ದು ಆಗಬಾರದು: ಚರ್ಚುಗಳು ಗಟ್ಟಿಯಾಗಿ ನಿಂತಿರುವಾಗ ಮನೆಯೊಳಗಿನ ವಿಶ್ವಾಸ ಮುಳುಗಬಾರದು.

ಸಂಜೆಯ ಜಪಸರವೊಂದೇ ಇದಕ್ಕೆ ಸಾಕಾಗದು ಎಂಬುದಕ್ಕೆ ಈ ಮನೆಯ ಘಟನೆಯೇ ಸಾಕ್ಷಿ. ಬೆಸಾಂವ್ ಬೇಡಿದ ಬಾಯಿಯೇ ಮರುಕ್ಷಣದಲ್ಲಿ ಚೋರ್ ಎಂದಿತು. ಎರಡನ್ನೂ ಅದಕ್ಕೆ ಕಲಿಸಿದವರು ಒಂದೇ ಮನೆಯವರು. ಪ್ರಾರ್ಥನೆಗೆ ಒಂದು ಭಾಷೆ, ಫೋನಿಗೆ ಒಂದು ಭಾಷೆ, ಟಿ.ವಿ.ಯ ಮುಂದೆ ಇನ್ನೊಂದು ಭಾಷೆ ಎಂದು ದೊಡ್ಡವರು ವಿಂಗಡಿಸಿಕೊಳ್ಳಬಲ್ಲರು. ಮಗುವಿಗೆ ಆ ಕಪಟ ಬಾರದು. ಅದಕ್ಕೆ ಇರುವುದು ಒಂದೇ ಭಾಷೆ.

ಹದಿನೈದು ದಿನಗಳ ನಂತರ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಆ ತಂದೆ ನನಗಾಗಿ ಕಾದಿದ್ದರು. ಮರುದಿನವೇ ಮಗುವನ್ನು ಎತ್ತಿಕೊಂಡು ಲೈನ್ ಮನೆಗೆ ಹೋದರಂತೆ. ಕ್ಷಮೆ ಕೇಳಬೇಕೆಂದು ಹೊರಟವರಿಗೆ ಹರಕು ಹಿಂದಿಯಲ್ಲಿ ಮಾತು ಕೂಡಿಬರಲಿಲ್ಲ. ಹುಡುಗನ ಹೆಸರು ಕೇಳಿಕೊಂಡು ಬಂದರಂತೆ. ಬೆಳಗಿನ ಫೋನನ್ನು ಈಗ ಕಣದಲ್ಲಿ ನಿಂತು ಮಾತನಾಡುತ್ತಾರಂತೆ. “ಮಾತು ಬದಲಾಗಲಿಲ್ಲವೆಂದರೆ ಜಾಗ ಬದಲಾಯಿಸಿ ಏನು ಪ್ರಯೋಜನ ಎಂದು ಹೆಂಡತಿ ಕೇಳುತ್ತಾಳೆ” ಎಂದು ಸಂಕೋಚದಿಂದ ನಕ್ಕರು. ಆ ಪ್ರಶ್ನೆಗೆ ನಾನು ಸೇರಿಸಬೇಕಾದದ್ದು ಏನೂ ಇರಲಿಲ್ಲ.

ಆ ತಾಯಿ ಅಂದು ಸಂಜೆ ಎಷ್ಟು ನೊಂದರೆಂದು ಕೇಳುವ ಧೈರ್ಯ ಇವರಿಗೆ ಇನ್ನೂ ಬಂದಿಲ್ಲ. ಬೀಗದ ಕೈಯನ್ನು ಅವರು ಎಂದಿನಂತೆ ಪ್ರತಿ ಸಂಜೆ ತಂದುಕೊಡುತ್ತಾರೆ. ಮಗನನ್ನು ಮಾತ್ರ ಕೆಲವು ದಿನ ಜೊತೆಗೆ ಕರೆತರಲಿಲ್ಲ. ಕಳೆದ ವಾರದಿಂದ ಮತ್ತೆ ಕರೆತರುತ್ತಿದ್ದಾರೆ. ಅವನು ಬಾಗಿಲಲ್ಲಿ ಕಂಡ ಕೂಡಲೇ ನಮ್ಮ ಮಗು ಹಿಂದಿನಂತೆಯೇ ಓಡಿಹೋಗುತ್ತದೆ, ಅದೇ ಬೆರಳು ತೋರಿಸುತ್ತದೆ. ಈಗ ಅವನ ಹೆಸರು ಹಿಡಿದು ಕರೆಯುತ್ತದೆ. ಉಚ್ಚಾರ ಇನ್ನೂ ಸರಿಬಂದಿಲ್ಲ. ಆದರೂ ಅವನು ಓಗೊಡುತ್ತಾನಂತೆ.